ಆಗ್ನೇಯಕ್ಕೆ ಮುಖ ಮಾಡಿದ ಮನೆಗಳು

ಫ್ರಾನ್ಸಿನ ನೈಋತ್ಯ ಭಾಗದ ಜೆರ್ಸ್ ಜಿಲ್ಲೆಯಲ್ಲಿ ಸಂಜೆ ನಡೆಯಲು ಹೊರಟರೆ ಗೇಟಿನ ಮೇಲೆ ಹೆಸರು ಓದಬೇಕಾಗಿಲ್ಲ. ಗೋಡೆಗೆ ಬಿಗಿದ ಡಿಶ್ ಯಾವ ಕಡೆ ನೋಡುತ್ತಿದೆ ಎಂಬುದರಿಂದಲೇ ಒಳಗಿರುವವರು ಯಾವ ನಾಡಿನವರೆಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ದಕ್ಷಿಣದಿಂದ ತುಸು ಪಶ್ಚಿಮಕ್ಕೋ ಕೊಂಚ ಪೂರ್ವಕ್ಕೋ ಸರಿದಿದ್ದರೆ ಅದು ಫ್ರೆಂಚರ ಮನೆ. ಅವರ ಚಾನೆಲ್ಲುಗಳು 5 ಡಿಗ್ರಿ ಪಶ್ಚಿಮದ ಯೂಟೆಲ್‌ಸ್ಯಾಟ್‌ನಿಂದ, ಇಲ್ಲವೇ 19.2 ಡಿಗ್ರಿ ಪೂರ್ವದ ಆಸ್ಟ್ರಾದಿಂದ ಇಳಿಯುತ್ತವೆ. ನೈಋತ್ಯಕ್ಕೆ ಚೆನ್ನಾಗಿ ತಿರುಗಿದ್ದರೆ ಒಳಗಿರುವವರು ಗಾರೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ಪೋರ್ಚುಗೀಸರಿರಬಹುದು. ಅವರ ಹಿಸ್ಪಾಸ್ಯಾಟ್ ಇರುವುದು ಅಟ್ಲಾಂಟಿಕ್ ಸಾಗರದ ನೆತ್ತಿಯ ಮೇಲೆ, 30 ಡಿಗ್ರಿ ಪಶ್ಚಿಮದಲ್ಲಿ. ಮಿಕ್ಕವಕ್ಕಿಂತ ದೊಡ್ಡದಾಗಿದ್ದು, ಮುಖವನ್ನು ಪೂರ್ತಿ ಆಗ್ನೇಯಕ್ಕೆ ಹೊರಳಿಸಿದ ಡಿಶ್ ಕಂಡರೆ ಅದು ಬ್ರಿಟಿಷರ ಮನೆ. ಇಂಗ್ಲೆಂಡು ಇಲ್ಲಿಂದ ಉತ್ತರಕ್ಕಿದೆ. ಅದರ ಮಾತು ಕೇಳಬೇಕಾದರೆ ಮಾತ್ರ ಆಫ್ರಿಕಾ ಖಂಡದ ಕಡೆ ನೋಡಬೇಕು.

ಕಾರಣ ಎಲ್ಲರಿಗೂ ಒಂದೇ. ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ವೇಗಕ್ಕೇ ಸುತ್ತುತ್ತ ಒಂದೇ ಕಡೆ ನಿಂತಂತೆ ಇರುತ್ತವೆ. ಬ್ರಿಟನ್ನಿನ ಚಾನೆಲ್ಲುಗಳನ್ನು ಹೊತ್ತ ಆಸ್ಟ್ರಾ ಗುಂಪಿಗೆ ಸಿಕ್ಕಿರುವ ಜಾಗ 28.2 ಡಿಗ್ರಿ ಪೂರ್ವ. ಬ್ರಿಟಿಷರು ಇಲ್ಲಿ ಪಾಳು ಬಿದ್ದಿದ್ದ ಕಲ್ಲಿನ ತೋಟದ ಮನೆಗಳನ್ನು ಕೊಂಡರು, ಹೆಂಚು ಹೊದಿಸಿದರು, ಬಾವಿ ತೋಡಿಸಿದರು, ಕೊನೆಗೆ ಆಗ್ನೇಯಕ್ಕೆ ಮರ ಅಡ್ಡವಿಲ್ಲದ ಗೋಡೆ ಯಾವುದೆಂದು ಹುಡುಕಿದರು.

ಡಿಶ್ ನಿಲ್ಲಿಸುವುದನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ನಮ್ಮ ಪಕ್ಕದ ಮನೆಯಲ್ಲಿ ಇಂಗ್ಲಿಷ್ ದಂಪತಿ ಇದ್ದಾರೆ, ಇಬ್ಬರಿಗೂ ವಯಸ್ಸಾಗಿದೆ. ಅವರ ಹಳೆಯ ಡಿಶ್ ಬದಲಾಯಿಸಲು ವ್ಯಾನಿನಲ್ಲಿ ಬಂದವರು ಮೊದಲು ಮಾಡಿದ ಕೆಲಸ ಕಂಬಕ್ಕೆ ರಸಮಟ್ಟ ಹಿಡಿದದ್ದು. ಕಂಬ ನೆಟ್ಟಗಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ಹಾಳು. ಆಮೇಲೆ ಡಿಶ್ಶಿನ ಹಿಂದಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು 33 ಡಿಗ್ರಿಯಷ್ಟು ಮೇಲಕ್ಕೆ ಎತ್ತಿದರು. ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಓರೆಯಾಗಿ ತಿರುಗಿಸಿದರು. ಕೈಯಲ್ಲಿ ಮೀಟರ್ ಹಿಡಿದು ಡಿಶ್ಶನ್ನು ಎಡಕ್ಕೆ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಸರಿಸುತ್ತ ಹೋದರು. ಇಲ್ಲಿ ಒಂದು ಡಿಗ್ರಿ ಆಚೀಚೆಯಾದರೆ ಅಲ್ಲಿ ಮೇಲೆ ಆರುನೂರು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ. ಮೀಟರಿನ ಸದ್ದು ಏರುತ್ತ ಏರುತ್ತ ಒಮ್ಮೆ ಗಟ್ಟಿಯಾಗಿ ನಿಂತಾಗ ಅವರು ಉಸಿರು ಬಿಗಿಹಿಡಿದು ಒಂದೊಂದೇ ಬೋಲ್ಟ್ ಬಿಗಿದರು. ಬಿಗಿಯುವಾಗಲೂ ಡಿಶ್ ಅಲುಗುತ್ತದೆ, ಅದಕ್ಕೇ ಮೇಲಿಂದ ಒಂದು, ಕೆಳಗಿಂದ ಒಂದು. ಒಳಗೆ ಹಾಲ್‌ನಲ್ಲಿ ಬಿಬಿಸಿ ಸುದ್ದಿ ಬಂದೇಬಿಟ್ಟಿತು. ಯಜಮಾನರು ಕಿಟಕಿಯಿಂದ ತಲೆ ಹಾಕಿ ಹೆಬ್ಬೆರಳೆತ್ತಿದರು.

ಆ ಮನೆಯಲ್ಲಿ ಡಿಶ್ಶಿಗೆ ಟಿವಿಗಿಂತ ದೊಡ್ಡ ಕೆಲಸ ರೇಡಿಯೊ ಕೇಳಿಸುವುದು. 1951ರಿಂದ ಬಿಬಿಸಿಯಲ್ಲಿ ನಡೆದುಕೊಂಡು ಬಂದಿರುವ ‘ದ ಆರ್ಚರ್ಸ್’ ಎಂಬ ಧಾರಾವಾಹಿ ಇದೆ, ಹಳ್ಳಿಯೊಂದರ ರೈತ ಕುಟುಂಬಗಳ ಕಥೆ. ಲಂಡನ್ನಿನಲ್ಲಿ ಏಳು ದಾಟಿದಾಗ ಇಲ್ಲಿ ಎಂಟು ದಾಟಿರುತ್ತದೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಅವರು ಹಾಲ್‌ನ ಟಿವಿಯಿಂದ ತೇಲಿ ಬರುವ ಆ ದನಿಗಳಿಗೆ ಕಿವಿಗೊಡುತ್ತಾರೆ. ಕಿಟಕಿಯಾಚೆ ಇರುವುದೂ ಹಸು, ಟ್ರ್ಯಾಕ್ಟರು, ಹುಲ್ಲಿನ ಉರುಳೆಗಳೇ. ಆದರೆ ಹಸುವಿನ ಕಾಯಿಲೆಯ ಬಗ್ಗೆ ತಮ್ಮ ಭಾಷೆಯಲ್ಲಿ ಯಾರೋ ಚಿಂತೆ ಮಾಡುವುದನ್ನು ಕೇಳುವ ತೃಪ್ತಿಯೇ ಬೇರೆ.

ಇದು ಮಳೆ ಗಾಳಿಗಳಿಗೆ ಬಗ್ಗುವ ತೃಪ್ತಿ. ಟುಲೂಸ್ ಸೀಮೆಯಲ್ಲಿ ‘ಓತಾನ್’ ಎಂಬ ಗಾಳಿ ಬೀಸುತ್ತದೆ. ಬೀಸಲು ತೊಡಗಿದರೆ ದಿನಗಟ್ಟಲೆ. ಜನರ ತಲೆ ಕೆಡಿಸುತ್ತದೆ ಎಂದು ಹಳಬರು ಹೇಳುತ್ತಾರೆ. ಅದು ಬರುವುದು ಆಗ್ನೇಯದಿಂದಲೇ, ನೇರವಾಗಿ ಬ್ರಿಟಿಷ್ ಡಿಶ್ಶುಗಳ ಮುಖಕ್ಕೆ. ಗುಡುಗುಸಹಿತ ದಪ್ಪ ಮಳೆ ಬಂದರೆ ಸಿಗ್ನಲ್ ಮೋಡದಲ್ಲೇ ಕರಗಿ ಚಿತ್ರ ಚೂರುಚೂರಾಗುತ್ತದೆ. ಮಾರ್ಚ್ ಮೊದಲ ವಾರ ಮತ್ತು ಅಕ್ಟೋಬರ್ ಹತ್ತರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ಆ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಮಧ್ಯಾಹ್ನಕ್ಕೆ ಮುಂಚೆ ಕೆಲವು ನಿಮಿಷ ಅವನ ಗದ್ದಲದಲ್ಲಿ ಉಪಗ್ರಹದ ಮಾತು ಮುಳುಗಿಹೋಗುತ್ತದೆ. ಆಗ ಹೊರಗೆ ಬಂದು ನೋಡಿದರೆ ಡಿಶ್ಶಿನಿಂದ ಮರಳಿದ ಬಿಸಿಲು ಎಲ್‌ಎನ್‌ಬಿಯ ಮೇಲೆ ಬಿದ್ದಿರುತ್ತದೆ. ಸೂರ್ಯ, ಉಪಗ್ರಹ, ಈ ತೋಟದ ಮನೆ ಮೂರೂ ಒಂದೇ ಗೆರೆಯಲ್ಲಿರುವುದಕ್ಕೆ ಅಷ್ಟು ಸರಳವಾದ ಸಾಕ್ಷಿ.

ಇಂಥ ಉಪಗ್ರಹಗಳ ಕನಸನ್ನು 1945ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬಿಡಿಸಿಟ್ಟ ಆರ್ಥರ್ ಸಿ. ಕ್ಲಾರ್ಕ್ ಸ್ವತಃ ಪರದೇಶವಾಸಿಯಾದರು. 1956ರಿಂದ ಅವರ ಬದುಕು ಶ್ರೀಲಂಕೆಯಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಭಾರತವು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆಗ ಕ್ಲಾರ್ಕ್ ಅವರ ಕೊಲಂಬೊ ಮನೆಗೂ ಭಾರತದಿಂದ ಒಂದು ಡಿಶ್ ಹೋಯಿತು. ಕನಸು ಕಂಡವರಿಗೂ ಹಳ್ಳಿಯ ಪಂಚಾಯ್ತಿ ಕಟ್ಟೆಗೂ ಒಂದೇ ಉಪಗ್ರಹ ಚಿತ್ರ ತೋರಿಸಿತು ಎಂಬುದನ್ನು ನೆನೆದರೆ ಈಗಲೂ ನನಗೆ ಮೈ ಜುಂ ಎನ್ನುತ್ತದೆ.

ಆದರೆ ಆಕಾಶದಿಂದ ಇಳಿಯುವುದು ಎಲ್ಲರಿಗೂ ಸಮನಾಗಿ ಇಳಿಯುವುದಿಲ್ಲ. ಲಾಂದ್ರದ ಬೆಳಕು ಹತ್ತಿರ ದಟ್ಟವಾಗಿ, ದೂರ ಹೋದಂತೆ ಮಬ್ಬಾಗುವ ಹಾಗೆ, ಉಪಗ್ರಹದ ಬೀಮಿಗೂ ನಡು ಇದೆ, ಅಂಚು ಇದೆ. 2003ರಲ್ಲಿ ಬಿಬಿಸಿ ತನ್ನ ಚಾನೆಲ್ಲುಗಳ ಬೀಗ ತೆಗೆದು ಆಸ್ಟ್ರಾ 2ಡಿ ಉಪಗ್ರಹಕ್ಕೆ ಬಂದಾಗ, ಬ್ರಿಟನ್ನಿಗೆಂದೇ ಕಿರಿದು ಮಾಡಿದ ಆ ಬೀಮಿನ ಅಂಚು ಸ್ಪೇನಿನ ಬೆಟ್ಟಗಳವರೆಗೂ ಚಾಚಿತ್ತು. ಅಲ್ಲಿ ನೆಲೆಸಿದ್ದ ನಿವೃತ್ತ ಬ್ರಿಟಿಷರು ದೊಡ್ಡ ದೊಡ್ಡ ಡಿಶ್ ನಿಲ್ಲಿಸಿ ಆ ಮಬ್ಬನ್ನೇ ಬಳಿದುಕೊಂಡು ನೋಡುತ್ತಿದ್ದರು. 2ಎಫ್, 2ಇ ಎಂಬ ಹೊಸ ಉಪಗ್ರಹಗಳು ಬಂದು 2014ರ ಹೊತ್ತಿಗೆ ಚಾನೆಲ್ಲುಗಳು ಇನ್ನೂ ಬಿಗಿಯಾದ ಬೀಮಿಗೆ ಹೋದವು. ದಕ್ಷಿಣ ಸ್ಪೇನಿನಲ್ಲಿ ಎಷ್ಟೋ ಮನೆಗಳ ಪರದೆ ಖಾಲಿಯಾಯಿತು. ಜೆರ್ಸ್‌ನಲ್ಲಿ ಡಿಶ್ಶನ್ನು ಒಂದು ಅಳತೆ ದೊಡ್ಡದು ಮಾಡಿದರೆ ಸಾಕಾಯಿತು. ಬೀಮಿನ ಅಂಚನ್ನು ಅಲ್ಲಿ ಎಳೆದದ್ದು ಬೆಟ್ಟವೂ ಅಲ್ಲ, ಸಮುದ್ರವೂ ಅಲ್ಲ. ಸಿನಿಮಾ, ಫುಟ್‌ಬಾಲು, ಧಾರಾವಾಹಿಗಳ ಹಕ್ಕನ್ನು ಕೊಳ್ಳುವುದು ದೇಶದ ಲೆಕ್ಕದಲ್ಲಿ; ಆ ಒಪ್ಪಂದದ ಗೆರೆಯೇ ಆಕಾಶದ ಗೆರೆಯೂ ಆಯಿತು.

ಆಸ್ಟ್ರಾ 2ಎಫ್ ಮೇಲೆ ನನಗೆ ಬೇರೆಯೇ ಒಂದು ಮಮತೆ. 2012ರ ಸೆಪ್ಟೆಂಬರ್ ಕೊನೆಯಲ್ಲಿ ದಕ್ಷಿಣ ಅಮೆರಿಕದ ಕೂರೂ ನೆಲೆಯಿಂದ ಏರಿಯಾನ್ 5 ರಾಕೆಟ್ ಮೇಲೇರಿದಾಗ ಅದರೊಳಗೆ ಎರಡು ಉಪಗ್ರಹಗಳಿದ್ದವು. ಒಂದು, ಯುರೋಪಿನ ಆಸ್ಟ್ರಿಯಂ ಸಂಸ್ಥೆ ಕಟ್ಟಿದ ಆಸ್ಟ್ರಾ 2ಎಫ್. ಇನ್ನೊಂದು, ನಮ್ಮ ಇಸ್ರೋ ಕಟ್ಟಿದ ಜಿಸ್ಯಾಟ್-10. ಮೇಲೆ ಹೋದ ಮೇಲೆ ಎರಡರ ದಾರಿ ಬೇರೆಯಾಯಿತು. ಆಸ್ಟ್ರಾ 28.2 ಡಿಗ್ರಿಗೆ ಹೋಗಿ ನನ್ನ ಪಕ್ಕದ ಮನೆಯವರ ಆಕಾಶದಲ್ಲಿ ನಿಂತಿತು. ಜಿಸ್ಯಾಟ್ 83 ಡಿಗ್ರಿಗೆ ಹೋಗಿ ನನ್ನ ತವರಿನ ಆಕಾಶದಲ್ಲಿ ನಿಂತಿತು. ಅದರ ಕಡಿವಾಣ ಇರುವುದು ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನಲ್ಲಿ, ಸಾಲಗಾಮೆ ರಸ್ತೆಯ ಆ ದೊಡ್ಡ ದೊಡ್ಡ ಆಂಟೆನಾಗಳ ಕೆಳಗೆ. ಶಾಲೆಗೆ ಹೋಗುವ ದಿನಗಳಿಂದ ನಾವು ಅವನ್ನು ದೂರದಿಂದ ನೋಡುತ್ತ ಬೆಳೆದವರು.

ಬೆಂಗಳೂರಿನಲ್ಲಿ 83 ಡಿಗ್ರಿಯ ಉಪಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ, ಅದಕ್ಕೇ ನಮ್ಮೂರ ಮಹಡಿಗಳ ಡಿಶ್ಶುಗಳು ಮುಖ ಅಷ್ಟು ಮೇಲೆತ್ತಿ ಕೂತಿರುವುದು. ಜೆರ್ಸ್‌ನ ಗುಡ್ಡದ ಮೇಲೆ ನಿಂತು ಲೆಕ್ಕ ಹಾಕಿದರೆ ಅದು ಪೂರ್ವದ ದಿಗಂತದಿಂದ ಸ್ವಲ್ಪ ಕೆಳಗೇ ಉಳಿಯುತ್ತದೆ. ಎಷ್ಟು ದೊಡ್ಡ ಡಿಶ್ ತಂದು ನಿಲ್ಲಿಸಿದರೂ ಭೂಮಿಯ ಉಬ್ಬು ಅಡ್ಡ. ಬ್ರಿಟಿಷರಿಗೆ, ಪೋರ್ಚುಗೀಸರಿಗೆ ಈ ಗೋಡೆಯ ಮೇಲೆ ಒಂದು ದಿಕ್ಕಿದೆ. ಕನ್ನಡಕ್ಕೆ ಇಲ್ಲಿ ದಿಕ್ಕಿಲ್ಲ. ಕನ್ನಡ ಬರಬೇಕಾದರೆ ಇಂಟರ್‌ನೆಟ್ಟಿನಲ್ಲೇ ಬರಬೇಕು.

ಹಳ್ಳಿಗಾಡಿನಲ್ಲಿ ಆ ಇಂಟರ್‌ನೆಟ್ಟೇ ಕಷ್ಟದ್ದು. ಟೆಲಿಫೋನಿನ ತಾಮ್ರದ ತಂತಿ ಎಕ್ಸ್‌ಚೇಂಜಿನಿಂದ ಹೊಲ ಹಾದು ಮೈಲಿಗಟ್ಟಲೆ ಬಂದು ನಮ್ಮ ಮನೆ ಮುಟ್ಟುವಷ್ಟರಲ್ಲಿ ಅದರಲ್ಲಿ ಉಳಿಯುವ ವೇಗಕ್ಕೆ ಪತ್ರ ಬರೆಯಬಹುದಿತ್ತು, ಮುಖ ನೋಡಲಾಗುತ್ತಿರಲಿಲ್ಲ. ಅರ್ಧ ಮೀಟರ್ ದಪ್ಪದ ಕಲ್ಲುಗೋಡೆಗಳು ವೈಫೈಯನ್ನು ಪಕ್ಕದ ಕೋಣೆಗೂ ಬಿಡುವುದಿಲ್ಲ. ಹಾಗಾಗಿ ನಾವೂ ಡಿಶ್ ಹಾಕಿಸಿದೆವು, ಉಪಗ್ರಹದ ಇಂಟರ್‌ನೆಟ್ಟಿಗಾಗಿ. ಅಮ್ಮನ ಮುಖ ಕಂಡಿತು. ಆದರೆ ಕೇಳಿದ್ದು ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗಿಳಿಯಬೇಕು. ಬೆಳಕಿನ ವೇಗದಲ್ಲೇ ಸುಮಾರು ಅರ್ಧ ಸೆಕೆಂಡು. ಅರ್ಧ ಸೆಕೆಂಡು ಎಷ್ಟು ಉದ್ದವೆಂದು ತಾಯಿ ಮಗಳ ಮಾತಿನಲ್ಲಿ ಗೊತ್ತಾಗುತ್ತದೆ. “ಊಟ ಆಯ್ತೇನೇ?” ಅನ್ನುತ್ತಾರೆ. ನಾನು ಉತ್ತರ ಕೊಟ್ಟಿರುತ್ತೇನೆ; ಅದು ತಲುಪುವ ಮುನ್ನವೇ “ಕೇಳಿಸ್ತಾ ಇದ್ಯಾ?” ಎಂದಿರುತ್ತಾರೆ. ಇಬ್ಬರೂ ಒಟ್ಟಿಗೆ ಶುರು ಮಾಡುತ್ತೇವೆ, ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ. ಕೊನೆಗೆ ಅಮ್ಮನೇ ಒಂದು ಪದ್ಧತಿ ಮಾಡಿದರು: ಹೇಳುವುದನ್ನು ಪೂರ್ತಿ ಹೇಳಿ, “ಹ್ಞೂಂ, ಈಗ ನೀನು ಹೇಳು” ಎನ್ನುವುದು. ಹಾಗೆ ಮಾತಾಡತೊಡಗಿದ ಮೇಲೆ ನಾವು ಒಬ್ಬರನ್ನೊಬ್ಬರು ಮೊದಲಿಗಿಂತ ಗಮನವಿಟ್ಟು ಕೇಳಿದ್ದೇವೆ.

ಈ ತಂತು ಎಷ್ಟು ಸೂಕ್ಷ್ಮವೆಂದು ಯುರೋಪಿನ ಹಳ್ಳಿಗಳಿಗೆ ತಿಳಿದದ್ದು 2022ರ ಫೆಬ್ರವರಿ 24ರಂದು. ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ ಆ ಬೆಳಿಗ್ಗೆಯೇ, ಇಂಥ ಇಂಟರ್‌ನೆಟ್ ಕೊಡುವ ಕಾ-ಸ್ಯಾಟ್ ಉಪಗ್ರಹದ ಜಾಲದ ಮೇಲೆ ಸೈಬರ್ ದಾಳಿಯಾಯಿತು. ಗುರಿಯಿದ್ದದ್ದು ಉಕ್ರೇನ್. ಕೆಟ್ಟು ನಿಂತದ್ದರಲ್ಲಿ ಫ್ರಾನ್ಸಿನ ಹಳ್ಳಿಗಳ ಸಾವಿರಾರು ಮೋಡೆಮುಗಳೂ, ದೂರದಿಂದ ನಿಗಾ ಇಡುವ ಜರ್ಮನಿಯ ಗಾಳಿಯಂತ್ರಗಳ ಸಂಪರ್ಕವೂ ಸೇರಿದ್ದವು. ಊರ ಹೊರಗಿನ ಒಂಟಿ ಮನೆಯೊಂದು ಯಾವ ಲೋಕದೊಂದಿಗೆ ಹೆಣೆದುಕೊಂಡಿದೆ ಎಂಬುದು ಅಂದು ಕಣ್ಣಿಗೆ ಕಂಡಿತು.

“ಇಲ್ಲಿ ಬಂದ ಮೇಲೆ ಇಲ್ಲಿಯದನ್ನೇ ನೋಡಬಾರದೆ?” ಎಂದು ಕೇಳುವವರಿದ್ದಾರೆ. ನಾನು ಕಂಡ ಬದುಕು ಈ ಪ್ರಶ್ನೆಯನ್ನು ಒಪ್ಪುವುದಿಲ್ಲ. ಪಕ್ಕದ ಮನೆಯ ಹಿರಿಯಾಕೆ ಊರಿನ ವೃಂದಗಾನದಲ್ಲಿ ಫ್ರೆಂಚಿನಲ್ಲಿ ಹಾಡುತ್ತಾರೆ, ಸಂತೆಯಲ್ಲಿ ಬೆಳ್ಳುಳ್ಳಿಯ ಜಡೆ ಆರಿಸುತ್ತ ರೈತರೊಂದಿಗೆ ಮಳೆಯ ಮಾತಾಡುತ್ತಾರೆ. ಹಗಲೆಲ್ಲ ಕಲಿತ ಭಾಷೆಯಲ್ಲಿ ಕ್ರಿಯಾಪದ ಹುಡುಕಿ ದಣಿದವರಿಗೆ ರಾತ್ರಿ ಹುಡುಕದೆ ಅರ್ಥವಾಗುವ ಮಾತು ಬೇಕು. ಪಟ್ಟಣದಲ್ಲಾದರೆ ಅದಕ್ಕೆ ಗೆಳೆಯರಿರುತ್ತಾರೆ, ಸಂಘವಿರುತ್ತದೆ, ರಾಜ್ಯೋತ್ಸವ ಯುಗಾದಿಗಳಿರುತ್ತವೆ. ಹೊಲದ ನಡುವಿನ ಮನೆಗೆ ಇರುವುದು ಸಿಗ್ನಲ್ ಒಂದೇ. ತಾಯ್ನುಡಿ ರಾತ್ರಿ ಸಿಗುತ್ತದೆ ಎಂಬ ನೆಚ್ಚಿಗೆಯಿದ್ದರೆ ಹಗಲು ಪರನುಡಿಯಲ್ಲಿ ಧೈರ್ಯವಾಗಿ ಬದುಕಬಹುದು. ನಾನೂ ಹಾಗೆಯೇ ಈ ಊರಿನವಳಾದದ್ದು. ಫ್ರಾನ್ಸಿನ ಕಾನೂನು ಇದನ್ನು ಬಹಳ ಹಿಂದೆಯೇ ಅರಿತಂತಿದೆ: 1966ರ ಕಾಯ್ದೆಯೊಂದರ ಪ್ರಕಾರ ಬಾಡಿಗೆದಾರರು ಆಂಟೆನಾ ಹಾಕಿಕೊಳ್ಳುವುದನ್ನು ಗಂಭೀರವೂ ನ್ಯಾಯವೂ ಆದ ಕಾರಣವಿಲ್ಲದೆ ಮನೆಯ ಮಾಲೀಕರು ತಡೆಯುವಂತಿಲ್ಲ.

ಈಗ ಕಾಲ ಸರಿಯುತ್ತಿದೆ. 2013ರಲ್ಲಿ ಸರ್ಕಾರ ಶುರು ಮಾಡಿದ ಯೋಜನೆಯ ಫೈಬರ್ ಹೊಲದಂಚಿನ ಕಂಬಗಳ ಮೇಲೆ ಹಳ್ಳಿಯಿಂದ ಹಳ್ಳಿಗೆ ಸಾಗಿ ಬರುತ್ತಿದೆ. ಫೈಬರ್ ಮುಟ್ಟದ ಮನೆಗಳಲ್ಲಿ ಸ್ಟಾರ್‌ಲಿಂಕ್‌ನ ಚಪ್ಪಟೆ ಹಲಗೆಗಳು ಕಾಣತೊಡಗಿವೆ. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಓಡುವುದರಿಂದ ಮಾತಿನ ನಡುವಿನ ಆ ಅರ್ಧ ಸೆಕೆಂಡು ಇಲ್ಲವಾಗಿದೆ. ಭೂಮಿಯ ಉಬ್ಬು ಈಗ ಅಡ್ಡ ಬರುವುದಿಲ್ಲ. ಬೆಂಗಳೂರು ಆಕಾಶವಾಣಿ ಮೊಬೈಲಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಅಲ್ಲಿ ಬೆಳಗಿನ ಸುದ್ದಿಯ ಹೊತ್ತಿಗೆ ಇಲ್ಲಿ ನಡುರಾತ್ರಿ ಕಳೆದಿರುತ್ತದೆ ಎಂಬುದೊಂದೇ ತೊಡಕು. ಇನ್ನೂ ಅಡ್ಡ ನಿಂತಿರುವುದು ಒಪ್ಪಂದದ ಗೆರೆ. ಒಳ್ಳೆಯ ಕನ್ನಡ ಸಿನಿಮಾ ಬಂದಿದೆಯೆಂದು ಅಮ್ಮ ಹೇಳುತ್ತಾರೆ. ಹಣ ಕೊಟ್ಟು ನೋಡೋಣವೆಂದು ಆ್ಯಪ್ ತೆರೆದರೆ ಎಷ್ಟೋ ಸಲ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂಬ ಸಾಲು ಬರುತ್ತದೆ. ಸ್ಪೇನಿನ ಬೆಟ್ಟದ ಬ್ರಿಟಿಷರಿಗೆ ಆದದ್ದೇ ಇದು.

ಎಂಜಿನಿಯರುಗಳು ತಮ್ಮ ಪಾಲಿನ ಕೆಲಸ ಮಾಡಿ ಮುಗಿಸಿದ್ದಾರೆ, ಉಳಿದಿರುವುದು ಒಪ್ಪಂದ ಬರೆಯುವವರದು. ಕನ್ನಡದಲ್ಲಿ ಸಿನಿಮಾ, ಧಾರಾವಾಹಿ ಮಾಡುವವರು ಹಕ್ಕು ಮಾರುವಾಗ ಬೇರೆ ದೇಶಗಳ ಪಟ್ಟಿಯನ್ನು ನ್ಯೂಜೆರ್ಸಿ, ಲಂಡನ್, ದುಬೈಗಳಿಗೆ ನಿಲ್ಲಿಸದೆ, ಕನ್ನಡದ ಮನೆ ಒಂದೇ ಒಂದಿರುವ ಊರುಗಳಿಗೂ ದಾರಿ ಬಿಡಬೇಕು. ಅಲ್ಲಿರುವವರಿಗೆ ಅವನ್ನು ನೋಡಲು ಬೇರೆ ಯಾವ ದಾರಿಯೂ ಇಲ್ಲ, ಮತ್ತು ಅವರು ಬೆಲೆ ಕೊಡಲು ಸಿದ್ಧರಿದ್ದಾರೆ.