ಬಾಣಂತನದ ಕೂಲಿ ಯಾರು ಕೊಡ್ತಾರೆ?

ನಮ್ಮ ಕಡೇ ತಮ್ಮ ಹುಟ್ಟಿದ್ದು 1978ರ ಶ್ರಾವಣದಲ್ಲಿ. ಹನ್ನೆರಡನೇ ದಿನಕ್ಕೆ ಅವ್ವ ದೊಡ್ಡಮನೆಯವರ ರಾಗಿ ಹೊಲದಲ್ಲಿ ಕಳೆ ಕೀಳ್ತಾ ಇದ್ದಳು. ಮಗು ಬದುವಿನ ಮೇಲೆ, ಹೊಂಗೆ ಕೊಂಬೆಗೆ ಕಟ್ಟಿದ ಹಳೇ ಸೀರೆಯ ಜೋಲಿಯಲ್ಲಿ. ತೂಗುವ ಕೆಲಸ ನಮ್ಮದು. ಮಗು ಅತ್ತರೆ ನಾವು ಕೂಗಬೇಕು, ಅವ್ವ ಹಿಡಿದ ಸಾಲು ಮುಗಿಸಿ ಬರಬೇಕು. ಸಾಲು ಮುಗಿಯುವವರೆಗೆ ಹಾಲು ಅವಳ ಕುಪ್ಪಸದಲ್ಲೇ ಸೋರುತ್ತಿತ್ತು. ನಮಗೆ ಆಗ ಎಂಟು, ಆರು ವರ್ಷ. ಬಾಣಂತಿ ಅಂದರೆ ಮಗು ಕಟ್ಟಿಕೊಂಡು ಹೊಲಕ್ಕೆ ಬರುವ ಹೆಂಗಸು ಅಂತಲೇ ನಾವು ತಿಳಿದಿದ್ದೆವು.

ಬಾಣಂತಿ ಅನ್ನುವ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ ತಿಳಿದದ್ದು ಅಜ್ಜಿಯಿಂದ. ಅಪ್ಪನ ತಾಯಿ ಊರಿಗೆಲ್ಲ ಸೂಲಗಿತ್ತಿ. ಅದೇ ತಿಂಗಳು ದೊಡ್ಡಮನೆಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆ ಮಾಡಿಸಿದ್ದು ಅಜ್ಜಿ, ಹೊಕ್ಕುಳ ಬಳ್ಳಿ ಕೊಯ್ದದ್ದು ಅಜ್ಜಿ, ಮೈಲಿಗೆ ಬಟ್ಟೆ ಒಗೆದದ್ದು ಅಜ್ಜಿ. ದಿನಾ ಹಿತ್ತಲ ಬಾಗಿಲಿಂದ ಹೋಗಿ, ಹರಳೆಣ್ಣೆ ತಿಕ್ಕಿ, ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಹಂಡೆ ನೀರನ್ನು ಆ ತಾಯಿಯ ಸೊಂಟಕ್ಕೆ ಎರಚಿ ಬರುತ್ತಿದ್ದಳು. ಆ ಮನೆಯಲ್ಲಿ ಬಾಣಂತಿಗೆ ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ, ಶುಂಠಿ ಲೇಹ್ಯ. ಕಾಲು ಕೆಳಗಿಡುವಂತಿಲ್ಲ, ನಲವತ್ತು ದಿನ. ಹನ್ನೊಂದನೇ ದಿನ ಸೂತಕ ಕಳೆದು ಮನೆಗೆಲ್ಲ ಗಂಜಲ ಚಿಮುಕಿಸಿದರು. ಅಲ್ಲಿಂದ ಮುಂದಕ್ಕೆ ಅಜ್ಜಿ ಹಿತ್ತಲ ಗೋಡೆಯಿಂದ ಆಚೆಗೇ. ಸೂತಕ ಇರೋವರೆಗೆ ಅವಳ ಕೈ ಬೇಕಾಗಿತ್ತು; ಸೂತಕ ಕಳೆದ ಮೇಲೆ ಅವಳೇ ಸೂತಕ ಆದಳು. ಕೊಟ್ಟದ್ದು ಒಂದು ಮೊರ ರಾಗಿ, ಒಂದು ಹಳೇ ಸೀರೆ.

ಅಜ್ಜಿಯ ಕೈ ದೊಡ್ಡಮನೆಯ ಹಿತ್ತಲಲ್ಲಿ, ಅವಳ ಸೊಸೆಯ ಸೊಂಟ ದೊಡ್ಡಮನೆಯ ಹೊಲದಲ್ಲಿ. ಅಪ್ಪ ಅದೇ ಮನೆಯಲ್ಲಿ ಜೀತಕ್ಕಿದ್ದ. ಜೀತ ರದ್ದು ಮಾಡಿದ ಕಾಯ್ದೆ 1976ರಲ್ಲೇ ಬಂದಿತ್ತು. ಅದು ದೊಡ್ಡಮನೆಯವರಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಹಾಗಂತ ಕೇರಿಯಲ್ಲಿ ಬಾಣಂತನವೇ ಇರಲಿಲ್ಲ ಅಂತಲ್ಲ. ಏಳು ತಿಂಗಳು ತುಂಬುತ್ತಲೇ ಅವ್ವ ಹಿಡಿ ಹಿಡಿ ಹುರುಳಿ ಎತ್ತಿಡುತ್ತಿದ್ದಳು. ಪುಳ್ಳೆ ಸೌದೆ ಅಟ್ಟದ ಮೇಲೆ ಸೇರುತ್ತಿತ್ತು. ಹರಿದ ಪಂಚೆ, ಸೀರೆ ಒಗೆದು ಗಂಟು ಕಟ್ಟುತ್ತಿದ್ದಳು. ಬಿಸಿಲಿಗೆ ಒಣಗಿಸಿದ ಕೊರಬಾಡು ಮಡಕೆಯಲ್ಲಿರುತ್ತಿತ್ತು. ಹೆರಿಗೆಯಾದ ಮನೆಗೆ ಕೇರಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೊತ್ತು ಬಿಸಿ ಮುದ್ದೆ ತರುತ್ತಿದ್ದರು. 'ಮುಯ್ಯಿ ಕಣವ್ವಾ, ನಾಳೆ ನಂಗೂ ಬತ್ತದೆ' ಅನ್ನುತ್ತಿದ್ದರು. ಆದರೆ ಮುಯ್ಯಿ ಕೂಡ ಹನ್ನೆರಡು ದಿನಕ್ಕೇ ಸೋಲುತ್ತಿತ್ತು. ಯಾಕೆಂದರೆ ಮುದ್ದೆ ತರುವವಳೂ ಕೂಲಿಯವಳೇ.

ಈಗ ನಲವತ್ತು ವರ್ಷಕ್ಕೂ ಮೇಲಾಯಿತು. ಜೋಲಿಯಲ್ಲಿ ಅಳುತ್ತಿದ್ದ ಆ ತಮ್ಮನ ಮಗಳು ಕಳೆದ ವರ್ಷ ಚೊಚ್ಚಲ ಹೆರಿಗೆಗೆ ಊರಿಗೆ ಬಂದಳು. ಗಾರ್ಮೆಂಟ್ಸ್ ಕೆಲಸದವಳು. ಏಳನೇ ತಿಂಗಳಲ್ಲಿ, ಮೂತ್ರಕ್ಕೆ ಎದ್ದರೂ ಬೈಯುವ ಸೂಪರ್‌ವೈಸರ ಕಾಟ ತಾಳಲಾರದೆ ಕೆಲಸ ಬಿಟ್ಟಿದ್ದಳು. ತನ್ನ ಇಷ್ಟದಿಂದಲೇ ಬಿಡ್ತಿದೀನಿ ಅಂತ ಬರೆಸಿಕೊಂಡಿದ್ದರು. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರದ ಸಂಬಳದ ರಜೆ ಕೊಟ್ಟಿತ್ತು. 2017ರಲ್ಲಿ ಅದು 26 ವಾರವಾಯಿತು. ಒಂದು ಸಾಲಿನ ಕಾಗದದಲ್ಲಿ ಆ 26 ವಾರವೂ ಹೋಯಿತು.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಇವತ್ತು ಕರ್ನಾಟಕದಲ್ಲಿ ಹೆಚ್ಚುಕಮ್ಮಿ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೂರಕ್ಕೆ 97 ಅಂದಿದೆ. ಇದು ಸಣ್ಣ ಗೆಲುವಲ್ಲ. ಅಜ್ಜಿಯ ಕಾಲದಲ್ಲಿ ರಕ್ತ ಹರಿದು ಸತ್ತವರನ್ನು ಕೇರಿಯವರೇ ಹೊತ್ತಿದ್ದೇವೆ. ಆದರೆ ಆಸ್ಪತ್ರೆ ನೋಡುವುದು ಎರಡು ಮೂರು ದಿನ. ಬಾಣಂತನ ಆರು ವಾರದ್ದು. ಉಳಿದ ದಿನ ಯಾರದ್ದು?

ನಾವು ಗಂಡಸರು ಆ ಪ್ರಶ್ನೆ ಎಂದೂ ಕೇಳಿಕೊಂಡವರಲ್ಲ. ಮೂರನೇ ದಿನ ಹುಡುಗಿ ನಲ್ಲಿಯಿಂದ ಕೊಡ ಎತ್ತಲು ಹೋದಳು. ಜಗಲಿ ಮೇಲೆ ಕೂತಿದ್ದ ಅವ್ವ ಕಿರುಚಿದಳು:

'ಬುಡು ಮಗಾ, ಕೊಡ ಮುಟ್ಬ್ಯಾಡ! ನಂಗಾದಂಗೆ ನಿಂಗಾಗಾದು ಬ್ಯಾಡ!'

'ನಿಂಗೇನಾಗಿತ್ತವ್ವಾ?' ಅಂದೆವು.

'ಇನ್ನೇನಾಗ್ತದೆ? ಗರ್ಭ ಜಾರ್ತು. ನಿಮ್ ತಮ್ಮ ಹುಟ್ಟಿದ ವರ್ಸವೇ. ಕಳೆ ಕೀಳಕ್ಕೆ ಕುಂತ್ರೆ ಕೆಳಕ್ಕೆ ಬತ್ತಿತ್ತು. ಕೈಯಲ್ಲಿ ಒಳಕ್ಕೆ ತಳ್ಕಂಡು ಮುಂದಿನ ಸಾಲು ಹಿಡೀತಿದ್ದೆ.'

'ಯಾರಿಗೂ ಯಾಕೆ ಹೇಳ್ಲಿಲ್ಲ?'

'ಯಾರ್ಗೇಳಾನ? ನಿಮ್ಮಪ್ಪಂಗಾ? ನಿಮಗಾ? ನೀವು ಭಾಸಣ ಮಾಡಕ್ಕೋಗಿದ್ರಿ.'

ಅದು ನಿಜ. ನಾವು ಜಾಥಾಕ್ಕೆ ಹೋಗಿದ್ದೆವು. ಶೋಷಣೆ ಅನ್ನುವ ಮಾತನ್ನು ಊರೂರಿನ ಕಟ್ಟೆ ಮೇಲೆ ನಿಂತು ಕೂಗಿದೆವು. ಅವ್ವ ಕೆಮ್ಮುವಾಗ ಕಿಬ್ಬೊಟ್ಟೆ ಹಿಡಿದುಕೊಳ್ಳುವುದನ್ನು ದಿನಾ ಕಂಡೆವು, ಕೇಳಲಿಲ್ಲ. ಶೋಷಣೆ ನಮ್ಮವ್ವನ ಮೈಯೊಳಗೇ ಜಾರಿ ಬಿದ್ದಿತ್ತು.

ಅವ್ವನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಅವರು ಬಿಡಿಸಿ ಹೇಳಿದರು. ಹೆತ್ತ ಕೂಡಲೇ ಗರ್ಭಕೋಶ ಸುಮಾರು ಒಂದು ಕಿಲೋ ತೂಗುತ್ತದೆ. ಆರು ವಾರದಲ್ಲಿ ಕುಗ್ಗಿ ನೂರು ಗ್ರಾಮಿಗೂ ಕೆಳಗೆ ಇಳಿಯುತ್ತದೆ. ಅದನ್ನು ಎತ್ತಿ ಹಿಡಿದ ಸ್ನಾಯು, ಕಟ್ಟುಗಳು ಆಗ ಸಡಿಲವಾಗಿರುತ್ತವೆ. ಮೇಲಿಂದ ಮೇಲೆ ಹೆರಿಗೆ, ಹೊಟ್ಟೆಗಿಲ್ಲದ ಮೈ, ಭಾರ ಎತ್ತುವುದು ಎಲ್ಲ ಸೇರಿದರೆ ಗರ್ಭ ಜಾರುತ್ತದೆ. ಈಗಲೂ ಚಿಕಿತ್ಸೆ ಇದೆ, ನಾಚಿಕೆ ಬೇಡ ಅಂದರು. ಬಾಣಂತನ ಅಂದರೆ ಮೆತ್ತಗಿನ ಹೆಂಗಸರ ನಾಜೂಕು ಅಂದುಕೊಂಡಿದ್ದೆವು. ಮುರಿದ ಮೂಳೆ ಕೂಡಲು ದಿನ ಬೇಕಾದ ಹಾಗೆ ಈ ಮೈಗೂ ದಿನ ಬೇಕು. ಮೈ ಕೇಳುವ ದಿನದ ಲೆಕ್ಕದಲ್ಲಿ ಮೇಲುಕೇರಿ, ಕೆಳಕೇರಿ ಅಂತ ಇಲ್ಲ.

ಆ ರಾತ್ರಿ ಮನೆಯವರೆಲ್ಲ ಕೂತು ಕೆಲಸ ಹಂಚಿಕೊಂಡೆವು. ನೀರು ಹೊರುವುದು ನಮ್ಮದು. ಬಟ್ಟೆ ಒಗೆಯುವುದು ತಮ್ಮನದು. ಬಾಣಂತಿ ಬಟ್ಟೆ ಕುದಿಸಿ, ಮರೆ ಮಾಡದೆ ಬಿಸಿಲಿಗೇ ಹರವಬೇಕು. ರಾತ್ರಿ ಮಗು ಎತ್ತಿಕೊಳ್ಳುವ ಒಂದು ಸರದಿ ಅಳಿಯನದು. ಕೊಳಾಯಿ ಹತ್ತಿರ ತಮ್ಮನನ್ನು ನೋಡಿ ನಕ್ಕರು. ನಗಲಿ ಅಂದ.

ಅವ್ವನ ತಿಳಿವಳಿಕೆಯೆಲ್ಲ ಸರಿ ಅಂತಲೂ ನಾವು ಹೇಳುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ದಪ್ಪ ಆಗ್ತದೆ ಅಂದಳು. ನೀರಿಲ್ಲದಿದ್ದರೆ ಮೈ ಒಣಗುತ್ತದೆ, ಮಲ ಕಟ್ಟುತ್ತದೆ, ಬಾಯಾರಿದಷ್ಟೂ ಕುಡಿಯಲಿ ಅಂತ ಆಶಾ ಕಾರ್ಯಕರ್ತೆ ತಿಳಿ ಹೇಳಿದರು. ಗಿಣ್ಣುಹಾಲು ಹಿಂಡಿ ಚೆಲ್ಲುವುದು, ಕಿಟಕಿ ಮುಚ್ಚಿ ಹೊಗೆ ಹಾಕುವುದು, ಇವೂ ತಪ್ಪು. ಆ ಹಳದಿ ಹಾಲೇ ಮಗುವಿನ ಮೊದಲ ಕಾವಲು. ಆದರೆ ಎಣ್ಣೆ ನೀವುವುದು, ಬಿಸಿನೀರು, ಸಬ್ಬಸಿಗೆ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿ ಸಾರು, ಮೊಟ್ಟೆ, ಬಾಡು ಇರಲಿ. ಜೊತೆಗೆ ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ನುಂಗಬೇಕು. ಅಜ್ಜಿಯಂಥವರ ಕೈಯಲ್ಲಿದ್ದ ವಿದ್ಯೆಯನ್ನು ಪೂರಾ ಮೌಢ್ಯ ಅಂತ ಎಸೆಯಬೇಡಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂಥ ಎಷ್ಟು ಕೈಗಳು ಮೊರ ರಾಗಿಗೇ ಸವೆದು ಹೋದವು!

ಐದನೇ ದಿನದಿಂದ ಹುಡುಗಿ ಸುಮ್ಮಸುಮ್ಮನೆ ಅಳತೊಡಗಿದಳು. ಗಾಳಿ ಸೋಕಿದೆ ಅಂದರು, ತಾಯತ ಅಂದರು. ನಾವು ಆಶಾ ಅವರನ್ನು ಕೇಳಿದೆವು. ಹೆತ್ತ ಹೊಸದರಲ್ಲಿ ಬಹಳ ಜನಕ್ಕೆ ಹೀಗಾಗುತ್ತದೆ. ನಿದ್ದೆ, ಊಟ, ಜೊತೆ ಇದ್ದರೆ ಎರಡು ವಾರದೊಳಗೆ ತಿಳಿಯಾಗುತ್ತದೆ. ಆಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು ಅಂದರು. ಅವಳು ತಿಳಿಯಾದಳು. ಆದರೆ ನಿದ್ದೆಯೇ ಇಲ್ಲದೆ ತಲೆಬುಡವಿಲ್ಲದೆ ಮಾತಾಡಿದರೆ, ಮಗುವನ್ನೋ ತನ್ನನ್ನೋ ಇಲ್ಲವಾಗಿಸುವ ಮಾತು ಬಂದರೆ ತಡಮಾಡಬಾರದು. ಹಿಂದೆ ಬಾಣಂತಿ ಸನ್ನಿ ಅನ್ನುತ್ತಿದ್ದ ಅದು ಕಾಯಿಲೆ, ದೆವ್ವ ಅಲ್ಲ. ಹಾಗೇ ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ರಕ್ತ, ಚಳಿ ಜ್ವರ, ಕೆಟ್ಟ ವಾಸನೆಯ ಸ್ರಾವ, ಕಣ್ಣು ಮಂಜಾಗುವ ತಲೆನೋವು, ಫಿಟ್ಸು, ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನು ಮಾಡಿ. ಮೇಷ್ಟ್ರುಗಳೇ, ಇದನ್ನು ಶಾಲೆಯ ಗೋಡೆ ಮೇಲೆ ಬರೆಸಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ 3, 7, 14, 21, 28, 42ನೇ ದಿನ ಬರಬೇಕು ಅನ್ನುವುದನ್ನೂ ಬರೆಸಿ. ಬಾರದಿದ್ದರೆ ಕೇಳಲು ಬಾಯಿ ಬರುತ್ತದೆ.

ಈಗ ಕೂಲಿಯ ಮಾತು. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಬಸುರಿ ಬಾಣಂತಿಗೆ 6000 ರೂಪಾಯಿಗೆ ಕಡಿಮೆ ಇಲ್ಲದ ನೆರವು ಅಂತ ಬರೆಯಿತು. 2017ರಲ್ಲಿ ಯೋಜನೆಯಾಗಿ ಬಂದಾಗ ಅದು ಮೊದಲ ಮಗುವಿಗೆ ಮಾತ್ರ, 5000 ಆಯಿತು. 2022ರಲ್ಲಿ ಎರಡನೆಯದು ಹೆಣ್ಣಾದರೆ 6000 ಅಂತ ಸೇರಿಸಿದರು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. 42 ದಿನಕ್ಕೆ ಲೆಕ್ಕ ಹಾಕಿ: 14,658. ಕೈಗೆ ಬರುವ 5000ಕ್ಕೆ ಸಿಗುವುದು 14 ದಿನ. ಅವ್ವ ಹನ್ನೆರಡನೇ ದಿನ ಹೊಲಕ್ಕೆ ಹೋದಳು. ಇಷ್ಟು ವರ್ಷದಲ್ಲಿ ಕೂಲಿಯವಳ ಬಾಣಂತನ ಮುಂದಕ್ಕೆ ಹೋದದ್ದು ಎರಡು ದಿನ.

1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಬಾಬಾಸಾಹೇಬರು ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. ಹೆರುವ ಮುಂಚೆ, ಹೆತ್ತ ಮೇಲೆ ತಾಯಿಗೆ ವಿರಾಮ ಸಿಗುವುದು ದೇಶದ ಹಿತ, ಅದರ ಭಾರ ಸರ್ಕಾರವೂ ಹೊರಬೇಕು ಅನ್ನುವುದು ಅವರ ವಾದ. ನಾವು ಅವರ ಫೋಟೋ ಹೊತ್ತೆವು. ಈ ಮಾತನ್ನು ಹೊರಲಿಲ್ಲ.

ಆದ್ದರಿಂದ ಗೆಳೆಯರೇ, ಸಂಘದ ಮುಂದಿನ ಸಭೆಯ ಬೇಡಿಕೆ ಪಟ್ಟಿಯಲ್ಲಿ ಭೂಮಿ, ಕೂಲಿ, ಹಾಸ್ಟೆಲ್ ಜೊತೆ ಇದೂ ಇರಲಿ: ಕೂಲಿಯವಳ ಪ್ರತಿ ಹೆರಿಗೆಗೂ ಆರು ವಾರದ ಪೂರ್ತಿ ಕೂಲಿ. ಅದು ಬರುವವರೆಗೆ ಕೇರಿಗೊಂದು ಮುಯ್ಯಿ ಕಟ್ಟೋಣ. ಅದರಲ್ಲಿ ಗಂಡಸರ ಹೆಸರೂ ಇರಲಿ.

ನಲವತ್ತೆರಡನೇ ದಿನ ಹುಡುಗಿ ಮಗುವಿಗೆ ಹಾಲೂಡುತ್ತಾ ಬಿಸಿಲಲ್ಲಿ ಕೂತಿದ್ದಳು. ಅವ್ವ ಕೇಳಿದಳು, 'ಇವತ್ತಿಗೆ ಎಷ್ಟ್ ದಿನಾಯ್ತು?' ಹೇಳಿದೆವು. 'ಅಷ್ಟ್ ದಿನ ಕುಂತು ಉಂಡ್ಳಾ ನಮ್ಮುಡುಗಿ!' ಅಂತ ನಕ್ಕಳು. ನಗುತ್ತಾ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ನಲವತ್ತೆರಡರಲ್ಲಿ ಹನ್ನೆರಡು ಕಳೆದರೆ ಮೂವತ್ತು. ನಮ್ಮವ್ವನ ಮೂವತ್ತು ದಿನ ಇನ್ನೂ ಬಾಕಿ ಇದೆ.