ಅಂಕಸಮುದ್ರ: ಬಯಲುಸೀಮೆಯಲ್ಲೊಂದು ಹಕ್ಕಿಗಳ ನಡುಗಡ್ಡೆ

ನಡುಗಡ್ಡೆಯೆಂದೊಡನೆ ಕನ್ನಡಿಗರ ಮನಸ್ಸು ಕಡಲಿಗೋ ಕಾವೇರಿಗೋ ಹರಿಯುವುದು ಸಹಜ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಕಾಣದವರೂ ಅದರ ಹೆಸರನ್ನು ಕೇಳಿಯೇ ಇರುತ್ತಾರೆ. ಆದರೆ ಜೋಳ, ಶೇಂಗಾ ಬೆಳೆಯುವ ಬಯಲುಸೀಮೆಯಲ್ಲಿಯೂ ಅಂತಹುದೇ ಒಂದು ಪಕ್ಷಿಧಾಮವಿರುವುದನ್ನು ಅರಿತವರು ಕಡಿಮೆ. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೇ ಆ ಸ್ಥಳ. ಇವೆಲ್ಲವೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು.

ಹಗರಿಬೊಮ್ಮನಹಳ್ಳಿಯು ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ರೈಲುದಾರಿಯ ಮೇಲಿದೆ. ಅಲ್ಲಿಂದ ಅಂಕಸಮುದ್ರಕ್ಕೆ ಹೋಗಿಬರಲು ಸೈಕಲ್ಲಿಗಿಂತ ಯೋಗ್ಯವಾದ ವಾಹನ ಬೇರೊಂದಿಲ್ಲ. ಮೋಟಾರಿನ ಸದ್ದು ಹಕ್ಕಿಗಳಿಗೆ ಹಿತವಲ್ಲ. ನೆಲವೂ ಬಹುಮಟ್ಟಿಗೆ ಸಮತಟ್ಟಾದುದು. ಚಳಿಗಾಲದ ಬೆಳಗಿನ ಜಾವ ಪೇಟೆಯ ಹೋಟೆಲಿನಲ್ಲಿ ಮಂಡಕ್ಕಿಯ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಗಳನ್ನು ಸೇವಿಸಿ (ಇಲ್ಲಿಯವರ ಬಾಯಲ್ಲಿ ಅದು ‘ಒಗ್ಗರಣಿ ಮಿರ್ಚಿ’), ಬುತ್ತಿಯ ಗಂಟನ್ನು ಕ್ಯಾರಿಯರಿಗೆ ಬಿಗಿದು ಹೊರಟರೆ ಬಿಸಿಲೇರುವ ಮೊದಲೇ ಕೆರೆಯನ್ನು ಮುಟ್ಟಬಹುದು. ಪಂಕ್ಚರಿನ ಸಾಮಗ್ರಿಯನ್ನು ಮಾತ್ರ ಮರೆಯಬಾರದು. ಅಮೆರಿಕ ಖಂಡದಿಂದ ಬಂದು ಈ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳಿಗೆ ಟೈರಿನ ಮೇಲೆ ದಯೆಯಿಲ್ಲ.

ಹಾದಿ ಕವಲೊಡೆದಲ್ಲಿ ಸೈಕಲ್ಲಿನಿಂದಿಳಿದು ‘ಯಜಮಾನರೇ, ಕೆರೆಗೆ ಯಾವ ಕಡೆ?’ ಎಂದರೆ ಹೊಲದಲ್ಲಿರುವವರು ಮಾತಿಗೆ ಮೊದಲೇ ಕೈಯೆತ್ತಿ ತೋರುವರು. ಆ ಕೈಯ ನೇರಕ್ಕೆ ನೋಡಿದರೆ ಹಕ್ಕಿಗಳ ಸಾಲೇ ಉಳಿದ ದಾರಿಯನ್ನು ತಿಳಿಸುತ್ತದೆ.

ಕನ್ನಡನಾಡಿನ ಹಿಂದಿನವರು ತಾವು ಕಟ್ಟಿಸಿದ ಕೆರೆಗಳಿಗೆ ‘ಸಮುದ್ರ’ವೆಂದು ಹೆಸರಿಡುತ್ತಿದ್ದರು. ಮಳೆ ಕಡಿಮೆಯಾದ ನಾಡಿನಲ್ಲಿ ತುಂಬಿದ ಕೆರೆಯು ಜನರ ಕಣ್ಣಿಗೆ ಸಮುದ್ರವಾಗಿಯೇ ತೋರಿರಬೇಕು. ಅಂಕಸಮುದ್ರದ ಕೆರೆಯೂ ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದುದು. ಅದರ ವಿಸ್ತಾರ ಸುಮಾರು 244 ಎಕರೆ. ನೀರಿನೊಳಗೆ ಕರಿಜಾಲಿಯ ಮರಗಳು ಗುಂಪುಗುಂಪಾಗಿ ನಿಂತಿವೆ. ಏರಿಯ ಮೇಲಿಂದ ನೋಡುವಾಗ ಒಂದೊಂದು ಗುಂಪೂ ಒಂದೊಂದು ನಡುಗಡ್ಡೆಯಂತೆ ಕಾಣುತ್ತದೆ. ಅವುಗಳ ರೆಂಬೆರೆಂಬೆಯಲ್ಲಿಯೂ ಹಕ್ಕಿಗಳ ಸಂಸಾರ!

ಸೈಕಲ್ಲನ್ನು ಏರಿಯ ಕೆಳಗೆ ನಿಲ್ಲಿಸಿ, ಬೆಲ್ಲನ್ನು ಬಾರಿಸದೆ, ಮೆಲ್ಲನೆ ನಡೆದು ಹೋಗುವವನಿಗೆ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ಕೊಕ್ಕರೆ. ಉದ್ದವಾದ ಹಳದಿ ಕೊಕ್ಕು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಹಿಂಬದಿಯ ಗರಿಗಳಲ್ಲಿ ಗುಲಾಬಿಯ ಛಾಯೆ. ಇದಕ್ಕೆ ಕಂಠಸಿರಿಯಿಲ್ಲ, ಬೆಳೆದ ಹಕ್ಕಿಯು ಕೊಕ್ಕನ್ನು ಕಟಕಟನೆ ಬಡಿಯುವುದೇ ಅದರ ಮಾತು. ಗೂಡಿನ ಮರಿಗಳು ಮಾತ್ರ ಹಸಿವೆಯಿಂದ ಗದ್ದಲವೆಬ್ಬಿಸುತ್ತವೆ. ಬಿಸಿಲು ಚುರುಕಾದಾಗ ತಾಯಿಯೋ ತಂದೆಯೋ ರೆಕ್ಕೆಗಳನ್ನು ಹರಡಿ ಮರಿಗಳಿಗೆ ನೆರಳಾಗಿ ನಿಲ್ಲುವ ದೃಶ್ಯವು ನೋಡಿದವರ ಮನಸ್ಸಿನಿಂದ ಬೇಗ ಮಾಸಲಾರದು. ಪಕ್ಕದ ಕೊಂಬೆಗಳಲ್ಲಿ ಬಾಗಿದ ಕೊಕ್ಕಿನ, ಕರಿತಲೆಯ ಬಿಳಿ ಕೆಂಬರಲುಗಳು. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆಗಳು.

ಈ ಕೆರೆಯಲ್ಲಿ ಗೂಡು ಕಟ್ಟುವ ಮತ್ತು ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚೆಂದು ಲೆಕ್ಕ ಹಾಕಿದ್ದಾರೆ. 240 ಜಾತಿಯ ಪಕ್ಷಿಗಳನ್ನೂ 41 ಬಗೆಯ ಮೀನುಗಳನ್ನೂ ಇಲ್ಲಿ ಗುರುತಿಸಲಾಗಿದೆ. 2017ರಲ್ಲಿ ಸರ್ಕಾರವು ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದುದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳೊಡನೆ ಅಂಕಸಮುದ್ರವೂ ಅದೇ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಹಕ್ಕಿಗಳು ಈ ಮುಳ್ಳುಮರಗಳನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿಲ್ಲದಿಲ್ಲ. ಮರದ ಸುತ್ತ ನಿಂತ ನೀರು ಕೋಟೆಯ ಕಂದಕದಂತೆ. ನಾಯಿ, ನರಿ, ಕಾಡುಬೆಕ್ಕುಗಳು ಅದನ್ನು ಸುಲಭವಾಗಿ ದಾಟಿ ಗೂಡಿಗೆ ಲಗ್ಗೆಯಿಡಲಾರವು. ಮೀನು ಕೆರೆಯಲ್ಲಿಯೇ ಇದೆ. ಸಾಲದಾದರೆ ತುಂಗಭದ್ರೆಯ ಹಿನ್ನೀರಿನ ಅಂಚು ಹಾರುವ ಹಕ್ಕಿಗೆ ದೂರವೇನಲ್ಲ. ಆದರೆ ಮಳೆ ಕೈಕೊಟ್ಟು ಕೆರೆ ಬತ್ತಿದರೆ ಆ ಕಂದಕವೂ ಇಲ್ಲ, ಮೀನೂ ಇಲ್ಲ. ಆಗ ಮರಗಳಿದ್ದರೂ ಹಕ್ಕಿಗಳಿಗೆ ಅವು ಬರಿಯ ಮರಗಳಷ್ಟೆ.

ನೀರಿನ ಬೆಲೆಯನ್ನು ಈ ಸೀಮೆಯ ಜನಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಅದರ ಜಲಾಶಯವು ಸುಮಾರು 378 ಚದರ ಕಿಲೋಮೀಟರು ಹರಡಿದಾಗ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿದುವು. ಅನೇಕ ಸಂಸಾರಗಳು ಮನೆಮಠ ಬಿಟ್ಟು ಬೇರೆಡೆ ಒಲೆ ಹೂಡಬೇಕಾಯಿತು. ದೂರದ ಗದ್ದೆಗಳು ಹಸಿರಾಗಲು ಇವರು ನೆಲವನ್ನೇ ತೆತ್ತರು. ಇಂತಹ ಸೀಮೆಯಲ್ಲಿ ಬೇಸಾಯಕ್ಕೆಂದು ಕಟ್ಟಿದ ಕೆರೆಯಲ್ಲಿ ಹಕ್ಕಿಗಳಿಗೂ ಒಂದು ಪಾಲನ್ನು ಉಳಿಸುವುದು ಸಣ್ಣ ಮಾತಲ್ಲ. ಹಿಕ್ಕೆಯಿಂದ ಸಾರವತ್ತಾದ ಕೆರೆಯ ನೀರು ಪೈರಿಗೆ ಗೊಬ್ಬರವಾಗುವುದುಂಟು. ಹಾಗಿದ್ದರೂ ಬರಗಾಲದಲ್ಲಿ ತೂಬಿನ ಮುಂದೆ ನಿಂತ ರೈತನಿಗೆ ಪೈರು ಮೊದಲೋ ಮರಿಹಕ್ಕಿ ಮೊದಲೋ ಎಂಬ ಪ್ರಶ್ನೆ ಕಠಿನವಾದುದೇ ಸರಿ. ಅದಕ್ಕೆಂದೇ ಸಂರಕ್ಷಣಾ ಮೀಸಲಿನ ಕಾನೂನು ಸ್ಥಳೀಯ ಜನರನ್ನು ಹೊರಗಿಡುವುದಿಲ್ಲ. ಘೋಷಣೆಗೆ ಮುಂಚೆ ಅವರೊಡನೆ ಸಮಾಲೋಚಿಸಬೇಕೆಂದೂ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಯಿರಬೇಕೆಂದೂ ವಿಧಿಸುತ್ತದೆ. ಈ ಕೆರೆಯ ಭವಿಷ್ಯವು ಊರಿನವರ ಒಪ್ಪಿಗೆಯನ್ನೇ ನಂಬಿಕೊಂಡಿದೆ.

ಪ್ರವಾಸಿಗನ ಪಾಲಿಗೆ ಬರುವ ಕರ್ತವ್ಯ ಅತಿ ಸುಲಭವಾದುದು. ಮರಗಳ ಸಮೀಪಕ್ಕೆ ಹೋಗದಿರುವುದು, ಕಲ್ಲೆಸೆಯದಂತೆ ಮಕ್ಕಳಿಗೆ ತಿಳಿಹೇಳುವುದು, ಬುತ್ತಿಯ ಕಾಗದವನ್ನು ಮರಳಿ ಒಯ್ಯುವುದು, ಇಷ್ಟೆ. ಸಂಜೆ ಮೇವಿಗೆ ಹೋದ ಹಕ್ಕಿಗಳು ತಂಡತಂಡವಾಗಿ ಹಿಂತಿರುಗಿ ಕರಿಜಾಲಿಯ ಮೇಲಿಳಿಯುವುದನ್ನು ಕಂಡೇ ಹೊರಡಬೇಕು. ಕತ್ತಲಾಗುವ ಮುನ್ನ ಡೈನಮೋ ದೀಪವನ್ನು ಸರಿಪಡಿಸಿಕೊಂಡರೆ ಹಗರಿಬೊಮ್ಮನಹಳ್ಳಿಯ ಹಾದಿ ಸುಗಮವಾಗಿ ಸಾಗುತ್ತದೆ.