ಮಂಜು ಬಿದ್ದರೆ ಕಾಲುನೋವು

ಮಕ್ಕಳ ಹೊಟ್ಟೆನೋವು, ತಲೆನೋವುಗಳಲ್ಲಿ ಮುಕ್ಕಾಲು ಪಾಲು ಗಣಿತದ ಟೆಸ್ಟಿನ ದಿನವೇ ಬರುತ್ತವೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಮಾತಿದೆ. ಸುಳ್ಳೇನಲ್ಲ. ಆದರೆ 2012ರ ಸುಮಾರಿಗೆ ನಾನು ಯಳಂದೂರಿನಲ್ಲಿದ್ದಾಗ, ಎಂಟನೆಯ ತರಗತಿಯ ಸೋಲಿಗರ ಹುಡುಗನೊಬ್ಬನ ಕಾಲುನೋವು ಟೆಸ್ಟು ನೋಡಿಕೊಂಡು ಬರುತ್ತಿರಲಿಲ್ಲ. ಆಟದ ಪೀರಿಯಡ್ಡಿನ ಮಾರನೆಯ ದಿನ ಬರುತ್ತಿತ್ತು, ಜ್ವರದ ಬೆನ್ನಿಗೇ ಬರುತ್ತಿತ್ತು, ಧನುರ್ಮಾಸದ ಚಳಿಯಲ್ಲಂತೂ ವಾರಗಟ್ಟಲೆ ಮಲಗಿಸಿಬಿಡುತ್ತಿತ್ತು. ಕಣ್ಣು ಸದಾ ಅರಿಸಿನ ನೀರಿನ ಬಣ್ಣ. ಹದಿಮೂರು ತುಂಬಿದ್ದರೂ ಹತ್ತರ ಹುಡುಗನಂತಿದ್ದ. ಸೋಮಾರಿ ಎಂದು ಕರೆಯುವವರೂ ಇದ್ದರು.

ಅವನ ತಾಯಿ ಹನೂರಿನಾಚೆಯ ಕಾಡಂಚಿನ ಪೋಡಿನವಳು. ಹಾಸ್ಟೆಲಿನಲ್ಲಿದ್ದ ಮಗನನ್ನು ನೋಡಲು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಹನ್ನೆರಡು ವರ್ಷದಿಂದ ಅವಳಿಗೆ ಒಂದೇ ಪ್ರಶ್ನೆ, ಇದು ಯಾಕೆ ಹೀಗೆ? ಮಗು ವರ್ಷದವನಿದ್ದಾಗ ಎರಡೂ ಕೈ, ಎರಡೂ ಪಾದ ಊದಿಕೊಂಡು ರಾತ್ರಿಯಿಡೀ ಅತ್ತಿದ್ದನಂತೆ. ದೃಷ್ಟಿ ಎಂದರು, ತೆಗೆಸಿದಳು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಮುಡಿ ಕೊಡಿಸಿದಳು. ಬಿಳಿಗಿರಿರಂಗನಿಗೂ ಹರಕೆ ಹೊತ್ತಳು. ಸೋಲಿಗರ ಹೆಣ್ಣು ಕುಸುಮಾಲೆಯ ಕೈಹಿಡಿದ ರಂಗಪ್ಪ ಅವರಿಗೆ ಭಾವನಲ್ಲವೇ, ಭಾವನ ಹತ್ತಿರ ಜಗಳವಾಡಿಯೂ ಕೇಳಬಹುದು. ಒಬ್ಬ ಡಾಕ್ಟರು ವಾತಜ್ವರವೆಂದು ಸೂಜಿ ಚುಚ್ಚಿದರು. ಇನ್ನೊಬ್ಬರು ಕಾಮಾಲೆಯೆಂದು ಪಥ್ಯ ಹೇಳಿದರು. ಮತ್ತೊಬ್ಬರು ರಕ್ತ ಕಮ್ಮಿ ಎಂದು ಕಬ್ಬಿಣದ ಟಾನಿಕ್ಕು ಬರೆದರು. ಬಾಟಲಿ ಮುಗಿಯುತ್ತಿತ್ತು, ರಕ್ತ ಏರುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದನ್ನು ನೋಡಿದರು. ಎಲ್ಲವನ್ನೂ ಒಟ್ಟಿಗೆ ನೆನಪಿಟ್ಟವಳು ಅಕ್ಷರ ಬಾರದ ಆ ತಾಯಿ ಒಬ್ಬಳೇ.

"ಮಂಜು ಬಿದ್ರ ಬತ್ತದ ಟೀಚರಮ್ಮ, ನೀರು ಕುಡೀದ ಓಡಾಡುದ್ರ ಬತ್ತದ. ನಾ ಹೇಳುದ್ರ ಯಾರೂ ಕೇಳದಿಲ್ಲ" ಎಂದಳು ಒಂದು ದಿನ.

ನಾನು ಹಾಜರಿ ಪುಸ್ತಕ ತೆಗೆದೆ. ಗೈರುಹಾಜರಿಯ ಗುರುತುಗಳು ಡಿಸೆಂಬರು, ಜನವರಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ತಾರೀಖುಗಳನ್ನೆಲ್ಲ ಹಾಳೆಯೊಂದರಲ್ಲಿ ಬರೆದು, ಕೆಳಗೆ ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಟ್ಟೆ. ಅದನ್ನು ಪೂರ್ತಿ ಓದಿದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಓದಿ, ಯಾವ ಜನ ಎಂದು ಕೇಳಿ, ರಕ್ತ ತೆಗೆಸಿ ಮೈಸೂರಿಗೆ ಕಳಿಸಿದರು.

ಸಿಕಲ್ ಸೆಲ್ ಅನೀಮಿಯಾ. ದುಂಡಗಿರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಪ್ರಾಣ ಹೋಗುವಂಥ ನೋವು. 120 ದಿನ ಬಾಳಬೇಕಾದ ಕಣ 10-20 ದಿನಕ್ಕೇ ಒಡೆಯುತ್ತದೆ, ಅದಕ್ಕೇ ಕಣ್ಣು ಹಳದಿ, ಅದಕ್ಕೇ ಟಾನಿಕ್ಕಿಗೆ ಜಗ್ಗದ ರಕ್ತಹೀನತೆ. ಚಳಿ, ಜ್ವರ, ನೀರು ಸಾಲದಿರುವುದು, ದಣಿವು ಇವೇ ಅದನ್ನು ಕೆಣಕುತ್ತವೆ. ಅವಳು ಹೇಳಿದ್ದೂ ಅದನ್ನೇ ತಾನೇ?

ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಇದನ್ನೆಲ್ಲ ವಿಜ್ಞಾನದ ಮೇಡಂ ಹತ್ತಿರ ಕೂತು ಕಲಿತೆ. ಚಿಕಾಗೋದ ಡಾಕ್ಟರ್ ಹೆರಿಕ್ 1910ರಲ್ಲೇ ಈ ಕಣಗಳ ಬಗ್ಗೆ ಬರೆದರಂತೆ. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಕಂಡದ್ದು 1952ರಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗರಲ್ಲಿ ಇದನ್ನು ಪತ್ತೆ ಹಚ್ಚಿ ಚಿಕಿತ್ಸೆಯನ್ನೂ ನಡೆಸಿದ್ದಾರೆ. ತಂದೆ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ರೋಗವಿಲ್ಲ, ತೀವ್ರ ಮಲೇರಿಯಾದಿಂದ ರಕ್ಷಣೆಯೂ ಉಂಟು. ಇಬ್ಬರಿಂದಲೂ ಬಂದರೆ ರೋಗ.

ಈ ಮಾತು ಬಂದಾಗಲೇ ಅವಳು ತಲೆಯೆತ್ತಿದ್ದು. ಅಷ್ಟು ವರ್ಷ ಅತ್ತೆಮನೆಯಲ್ಲಿ ಎಲ್ಲಕ್ಕೂ ಅವಳ ಹೊಟ್ಟೆಯನ್ನೇ ಬೈದಿದ್ದರು. ಹೊರಗೆ ಬೀಡಿ ಸೇದುತ್ತ ನಿಂತಿದ್ದ ಗಂಡನನ್ನು ಒಳಗೆ ಕರೆದು, "ಇಬ್ಬರಿಂದ್ಲೂ ಅಂದ್ರಲ್ಲ ಡಾಕ್ಟ್ರೇ, ಅದ ಇವರ ಮುಂದ ಇನ್ನೊಂದ್ಸಲ ಹೇಳಿ" ಎಂದಳು. ಡಾಕ್ಟರು ಹೇಳಿದರು. ಅವನು ರಕ್ತ ಕೊಡಲು ಎರಡು ತಿಂಗಳು ತಡಮಾಡಿದ, ಕೊನೆಗೆ ಕೊಟ್ಟ. ಇಬ್ಬರೂ ವಾಹಕರು. ತಂಗಿಯೂ ವಾಹಕಳೇ, ಆದರೆ ರೋಗವಿಲ್ಲ.

ಕಾರಣ ಸಿಕ್ಕಿತು, ವಾಸಿಯಾಗಲಿಲ್ಲ. ಫೋಲಿಕ್ ಆಸಿಡ್ ಮಾತ್ರೆ, ಆಮೇಲೆ ಹೈಡ್ರಾಕ್ಸಿಯೂರಿಯಾ, ಚಳಿಗೆ ಸ್ವೆಟರು, ತರಗತಿಯೊಳಗೇ ನೀರಿನ ಬಾಟಲಿ. ಡ್ರಿಲ್ಲಿಗೆ ವಿನಾಯಿತಿ ಕೊಡಿಸಲು ನಾನೇ ಎರಡು ಸಲ ಜಗಳವಾಡಬೇಕಾಯಿತು. ನೋವು ಈಗಲೂ ಬರುತ್ತದೆ, ಮೊದಲಿನಷ್ಟು ಸಲ ಅಲ್ಲ. ಚಾಮರಾಜನಗರದಲ್ಲಿ ಕೂತು ಮಾಡುವ ಕೆಲಸ ಹಿಡಿದಿದ್ದಾನೆ.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಅಭಿಯಾನ ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತಪರೀಕ್ಷೆಯ ಗುರಿ. ಪರೀಕ್ಷೆ ಮಾಡಿಸಿದವರಿಗೆ ಕಾರ್ಡು. ಮಗಳ ಕಾರ್ಡು ಈ ತಾಯಿಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆಗಿದೆ.

ಮೊನ್ನೆ ಫೋನು ಮಾಡಿದ್ದಳು. ಮಗಳಿಗೆ ಗಂಡು ಬಂದಿದೆಯಂತೆ. "ಕುಲ ನೋಡುದ್ವಿ ಟೀಚರಮ್ಮ, ಆಯ್ತದ. ಇನ್ನ ಗಂಡಿನ ರಕ್ತ ನೋಡ್ಬೇಕು ಅಂದಿನಿ" ಎಂದಳು. ಹುಡುಗನ ಮನೆಯವರು ಮುಖ ಗಂಟಿಕ್ಕಿಕೊಂಡು ಹೋಗಿದ್ದಾರಂತೆ. ಮುಂದೇನು ಎಂದು ಕೇಳಿದೆ. ದೀಪಾವಳಿವರೆಗೆ ಕಾಯುತ್ತಾಳಂತೆ, ಆಗಲೂ ಒಪ್ಪದಿದ್ದರೆ ಬೇರೆ ಗಂಡು.